ಹಡಗೇರಿ ಬರುವ ಅನಿಲ
(ಬಾನುಲಿ ಭಾಷಣ)

ನಮ್ಮ ಮನೆಗೆ ಅಡುಗೆ ಅನಿಲದ ಸಿಲಿಂಡರ್ ಮೊದಲು ಬಂದ ದಿನಗಳು ನನಗೆ ಇನ್ನೂ ಚೆನ್ನಾಗಿ ನೆನಪಿವೆ. ಸೌದೆ ಒಲೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಮೂವತ್ತು ವರ್ಷ ಅಡುಗೆ ಮಾಡಿದ್ದ ನನ್ನ ತಾಯಿ ಆ ಕೆಂಪು ಕಬ್ಬಿಣದ ಹಂಡೆಯನ್ನು ಸುಲಭವಾಗಿ ನಂಬಲಿಲ್ಲ. ಒಂದು ಹಬ್ಬದ ದಿನ ಬೆಳಗಿನಿಂದ ಬಿಡುವಿಲ್ಲದೆ ಒಲೆ ಉರಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸಿಲಿಂಡರಿನ ಕೆಳಭಾಗದಲ್ಲಿ ಸಣ್ಣ ಸಣ್ಣ ಹನಿಗಳು ಮೂಡಿದ್ದವು. ಅಮ್ಮ ಅಲ್ಲಿ ಕೈಯಿಟ್ಟು ನೋಡಿ, "ಇದು ಬೆವರುತ್ತಾ ಉಂಟಲ್ಲ ಮಗಾ, ಬೆಂಕಿಯ ಹತ್ತಿರ ಇದ್ದರೂ ತಣ್ಣಗುಂಟು" ಎಂದಳು. ನಾನು ಆಗ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವನು. ಆದರೂ ಉತ್ತರ ಹೇಳುವ ತಾಳ್ಮೆ ತೋರಲಿಲ್ಲ.

ಮುಂದೆ ಹಲವು ವರ್ಷಗಳ ಮೇಲೆ ಒಂದು ಸಂಜೆ ಪಣಂಬೂರಿನ ಕಡಲ ದಂಡೆಯಲ್ಲಿ ಕುಳಿತಿದ್ದೆವು. ದೂರದಲ್ಲಿ ಒಂದು ಹಡಗು ಬಂದರಿನ ಅಪ್ಪಣೆಗಾಗಿ ಲಂಗರು ಹಾಕಿ ನಿಂತಿತ್ತು. ಅದು ಗ್ಯಾಸಿನ ಹಡಗು ಎಂದು ಯಾರೋ ಅಂದರು. ಅಮ್ಮ ಕೇಳಿದಳು: "ಗ್ಯಾಸು ಅಂದರೆ ಗಾಳಿಯ ಹಾಗಲ್ಲವ? ಅದನ್ನು ಹಡಗಿನಲ್ಲಿ ತುಂಬಿ ತರುವುದು ಹೇಗೆ? ಹೆದರಿಕೆ ಇಲ್ಲವ ಅವರಿಗೆ?" ನಾನು ನಕ್ಕು, "ಅಮ್ಮ, ಅದೆಲ್ಲ ನಿನಗೆ ಅರ್ಥವಾಗದು" ಎಂದುಬಿಟ್ಟೆ. ಆಕೆ ಈಗ ಇಲ್ಲ. ಈ ಭಾಷಣವನ್ನು ನನ್ನಿಂದ ತಡವಾದ ಒಂದು ಉತ್ತರವೆಂದು ಕೇಳುಗರು ತಿಳಿಯಬಹುದು.

ಅನಿಲಕ್ಕೆ ತನ್ನದೆಂಬ ಆಕಾರವಿಲ್ಲ, ಅಳತೆಯೂ ಇಲ್ಲ. ಎಷ್ಟು ಜಾಗ ಕೊಟ್ಟರೆ ಅಷ್ಟನ್ನೂ ವ್ಯಾಪಿಸುವುದು ಅದರ ಸ್ವಭಾವ. ನಮ್ಮ ಮನೆಯ ಸಿಲಿಂಡರಿನಲ್ಲಿರುವ 14.2 ಕಿಲೋಗ್ರಾಂ ಇಂಧನವನ್ನು ಅನಿಲವಾಗಿಯೇ ಇಡಹೊರಟರೆ ಒಂದು ಸಣ್ಣ ಬಚ್ಚಲುಮನೆ ಪೂರ್ತಿ ತುಂಬೀತು. ಇಂಥದನ್ನು ಸಾವಿರಾರು ಟನ್ನುಗಳ ಲೆಕ್ಕದಲ್ಲಿ ಸಾಗಿಸಬೇಕಾದರೆ ಅದನ್ನು ಹೇಗಾದರೂ ದ್ರವವಾಗಿಸಬೇಕು. ಅದಕ್ಕೆ ದಾರಿಗಳು ಎರಡೇ: ಒತ್ತುವುದು, ಇಲ್ಲವೇ ತಣಿಸುವುದು.

ಒತ್ತಿದ ಮಾತ್ರಕ್ಕೆ ಎಲ್ಲ ಅನಿಲಗಳೂ ಮಣಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಕೇಲ್ ಫ್ಯಾರಡೆಯಂಥ ಮಹಾ ಪ್ರಯೋಗಶೀಲನಿಗೂ ಕೆಲವು ಅನಿಲಗಳು ಸೋಲಲಿಲ್ಲ. ಅವುಗಳಿಗೆ 'ಶಾಶ್ವತ ಅನಿಲ'ಗಳೆಂಬ ಹೆಸರೇ ಬಿದ್ದಿತು. ಇದರ ಗುಟ್ಟನ್ನು 1869ರಲ್ಲಿ ಬಿಡಿಸಿಟ್ಟವನು ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್. ಇಂಗಾಲದ ಡೈಆಕ್ಸೈಡನ್ನು ಪರೀಕ್ಷಿಸುತ್ತ ಅವನು ಕಂಡುಕೊಂಡದ್ದು ಇಷ್ಟು: 31 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾಗಿರುವಾಗ ಎಷ್ಟು ಒತ್ತಿದರೂ ಅದು ದ್ರವವಾಗದು. ಪ್ರತಿಯೊಂದು ಅನಿಲಕ್ಕೂ ಇಂಥದೊಂದು ಗಡಿ ಉಂಟು. ಅಡುಗೆ ಅನಿಲದಲ್ಲಿರುವ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಗಡಿ ನಮ್ಮ ಬೇಸಗೆಯ ಬಿಸಿಗಿಂತ ಎಷ್ಟೋ ಮೇಲಿದೆ. ಆದ್ದರಿಂದ ಅವು ಸಾಧಾರಣ ಒತ್ತಡಕ್ಕೇ ದ್ರವವಾಗಿ ಸುಮಾರು 250ರಲ್ಲಿ ಒಂದು ಪಾಲು ಜಾಗಕ್ಕೆ ಕುಗ್ಗುತ್ತವೆ. ಭೂಗರ್ಭದ ನೈಸರ್ಗಿಕ ಅನಿಲದ ಮುಖ್ಯಾಂಶವಾದ ಮೀಥೇನಿನ ಗಡಿಯಾದರೋ ಸೊನ್ನೆಗಿಂತ ಕೆಳಗೆ 82 ಡಿಗ್ರಿಯ ಆಚೆಗಿದೆ. ಅದನ್ನು ತಣಿಸದೆ ಗತಿಯಿಲ್ಲ. ಸೊನ್ನೆಗಿಂತ 162 ಡಿಗ್ರಿ ಕೆಳಗೆ ಇಳಿಸಿದರೆ ಮಾತ್ರ ಅದು ಒತ್ತಡವಿಲ್ಲದೆ ದ್ರವವಾಗಿ, 600ರಲ್ಲಿ ಒಂದು ಪಾಲಾಗಿ ನಿಲ್ಲುತ್ತದೆ.

ಹಡಗುಗಳ ರಚನೆಯೆಲ್ಲ ಈ ಒಂದು ಭೇದವನ್ನು ಅನುಸರಿಸಿದೆ. ಸಣ್ಣ ಹಡಗುಗಳು ಅಡುಗೆ ಅನಿಲವನ್ನು ಒತ್ತಡದಲ್ಲಿಯೇ ಒಯ್ಯುತ್ತವೆ. ಅವುಗಳ ಒಡಲಲ್ಲಿರುವುದು ನಮ್ಮ ಸಿಲಿಂಡರಿನ ದೊಡ್ಡಣ್ಣನಂಥ ದಪ್ಪ ಉಕ್ಕಿನ ತೊಟ್ಟಿಗಳು. ತೊಟ್ಟಿ ದೊಡ್ಡದಾದಷ್ಟೂ ಗೋಡೆ ದಪ್ಪವಾಗಬೇಕು, ಹಡಗು ತನ್ನ ಉಕ್ಕಿನ ಭಾರವನ್ನೇ ಹೊರಬೇಕಾಗುತ್ತದೆ. ಅದಕ್ಕಾಗಿ ದೊಡ್ಡ ಹಡಗುಗಳು ಒತ್ತಡವನ್ನು ಬಿಟ್ಟು ಪ್ರೊಪೇನನ್ನು ಸೊನ್ನೆಗಿಂತ 42 ಡಿಗ್ರಿ ಕೆಳಗೆ ತಣಿಸಿ ಒಯ್ಯುತ್ತವೆ. ಒತ್ತಡವನ್ನು ತಡೆಯಲು ದಪ್ಪ ಗೋಡೆ ಬೇಕು, ಶೀತವನ್ನು ಕಾಯಲು ದಪ್ಪ ಹೊದಿಕೆ ಬೇಕು. ಅರ್ಧ ಒತ್ತಿ ಅರ್ಧ ತಣಿಸುವ ಮಧ್ಯಮ ಗಾತ್ರದ ಹಡಗುಗಳೂ ಉಂಟು. ರಸಗೊಬ್ಬರಕ್ಕೆ ಬೇಕಾದ ಅಮೋನಿಯವೂ ಸೊನ್ನೆಗಿಂತ 33 ಡಿಗ್ರಿ ಕೆಳಗೆ ತಣಿದು ಹೀಗೆಯೇ ಕಡಲು ದಾಟುತ್ತದೆ. ನೈಸರ್ಗಿಕ ಅನಿಲವನ್ನು ದ್ರವವಾಗಿಸದೆ ಬರಿಯ ಒತ್ತಡದಿಂದಲೇ ಹಡಗಿನಲ್ಲಿ ಒಯ್ಯುವ ಪ್ರಯತ್ನ ಇಂಡೋನೇಷ್ಯದಲ್ಲಿ 2016ರಿಂದ ನಡೆದಿದೆ. ಆದರೆ ಆ ದಾರಿಯಲ್ಲಿ ಸರಕಿಗಿಂತ ಉಕ್ಕಿನ ತೂಕವೇ ಹೆಚ್ಚಾಗುವುದರಿಂದ ಅದು ಹೆಚ್ಚು ಬಳಕೆಗೆ ಬರಲಿಲ್ಲ.

ಶೀತದ ದಾರಿಯೂ ಸುಖದ್ದಲ್ಲ. ಸಾಮಾನ್ಯ ಉಕ್ಕು ಅತಿಶೀತದಲ್ಲಿ ತನ್ನ ಬಾಗುವ ಗುಣವನ್ನು ಕಳೆದುಕೊಂಡು ಗಾಜಿನಂತೆ ಬಿರಿಯುತ್ತದೆ. ಈ ಪಾಠವನ್ನು ಲೋಕ ಕಲಿತದ್ದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ಅಲ್ಲಿ ದ್ರವರೂಪದ ನೈಸರ್ಗಿಕ ಅನಿಲವನ್ನು ತುಂಬಿಟ್ಟಿದ್ದ ಒಂದು ತೊಟ್ಟಿ 1944ರ ಅಕ್ಟೋಬರ್ 20ರಂದು ಒಡೆಯಿತು. ಅದರ ಉಕ್ಕಿನಲ್ಲಿ ನಿಕ್ಕಲಿನ ಅಂಶ ಶೇಕಡಾ 3.5 ಮಾತ್ರ ಇತ್ತು. ದ್ರವವು ಬೀದಿಗೆ ಹರಿದು, ಚರಂಡಿಗಳಿಗೆ ಇಳಿದು, ಆವಿಯಾಗಿ ಹೊತ್ತಿಕೊಂಡಿತು. ಸುಮಾರು 130 ಜನ ಸತ್ತರು. ಇಂದು ಇಂಥ ತೊಟ್ಟಿಗಳಿಗೆ ಶೇಕಡಾ 9ರಷ್ಟು ನಿಕ್ಕಲ್ ಇರುವ ಉಕ್ಕನ್ನೋ ಅಲ್ಯೂಮಿನಿಯಮ್ಮನ್ನೋ ಬಳಸುತ್ತಾರೆ. ಒಂದು ಗೋಡೆ ಒಡೆದರೂ ದ್ರವವನ್ನು ಹಿಡಿದಿಡಲು ಸುತ್ತ ಮತ್ತೊಂದು ತಡೆ ಇರುತ್ತದೆ. ಆ ಎರಡನೆಯ ತಡೆಯನ್ನು ಕಂಡಾಗಲೆಲ್ಲ ನನಗೆ ಆ ಬೀದಿಯ ಜನ ನೆನಪಾಗುತ್ತಾರೆ.

ಕ್ಲೀವ್‌ಲ್ಯಾಂಡಿನ ದುರಂತವಾಗಿ ಹದಿನೈದು ವರ್ಷಗಳಾಗುವ ಮೊದಲೇ, 1959ರ ಜನವರಿಯಲ್ಲಿ, 'ಮೀಥೇನ್ ಪಯೊನೀರ್' ಎಂಬ ಹಡಗು ಅಮೆರಿಕದ ಲೂಸಿಯಾನದಿಂದ ಹೊರಟಿತು. ಅದು ಯುದ್ಧಕಾಲದ ಒಂದು ಹಳೆಯ ಸರಕು ಹಡಗು. ಅದರೊಳಗೆ ಅಲ್ಯೂಮಿನಿಯಮ್ ತೊಟ್ಟಿಗಳನ್ನು ಕೂರಿಸಿ, ಬೆಂಡಿನಷ್ಟು ಹಗುರವಾದ ಬಾಲ್ಸಾ ಮರದಿಂದ ಹೊದಿಕೆ ಮಾಡಿದ್ದರು. ಸುಮಾರು 5,000 ಘನಮೀಟರ್ ಹಿಡಿಸುವ ಆ ಹಡಗು ಚಳಿಗಾಲದ ಅಟ್ಲಾಂಟಿಕ್ ಸಾಗರವನ್ನು ದಾಟಿ ಫೆಬ್ರವರಿಯಲ್ಲಿ ಥೇಮ್ಸ್ ನದಿಯ ಮುಖದ ಕ್ಯಾನ್ವೆ ದ್ವೀಪವನ್ನು ಸುರಕ್ಷಿತವಾಗಿ ಸೇರಿತು. 1964ರಲ್ಲಿ ಅಲ್ಜೀರಿಯದಿಂದ ಅದೇ ದ್ವೀಪಕ್ಕೆ ನಿಯತವಾದ ವ್ಯಾಪಾರವೇ ಶುರುವಾಯಿತು.

ಇಲ್ಲಿ ಅಮ್ಮನ ಬೆವರಿನ ಪ್ರಶ್ನೆಗೆ ಬರುತ್ತೇನೆ. ಇಷ್ಟು ದಿನಗಳ ಪಯಣದಲ್ಲಿ ಆ ಶೀತವನ್ನು ಕಾಯುವವರು ಯಾರು? ಯಾವ ಹೊದಿಕೆಯೂ ಹೊರಗಿನ ಬಿಸಿಯನ್ನು ಪೂರ್ತಿ ತಡೆಯಲಾರದು. ಒಳಗೆ ನುಸುಳಿದ ಆ ಅಲ್ಪ ಬಿಸಿಯಿಂದ ದ್ರವದ ಒಂದಂಶ ಆವಿಯಾಗುತ್ತದೆ. ಆವಿಯಾಗುವಾಗ ಅದು ಉಳಿದ ದ್ರವದ ಬಿಸಿಯನ್ನು ತನ್ನೊಡನೆ ಕೊಂಡೊಯ್ಯುತ್ತದೆ, ಉಳಿದದ್ದು ತಣ್ಣಗೇ ಇರುತ್ತದೆ. ನಮ್ಮ ಮಣ್ಣಿನ ಹೂಜಿಯ ಧರ್ಮವೇ ಇದು. ಮೈಯ ರಂಧ್ರಗಳಿಂದ ಒಸರಿದ ನೀರು ಆವಿಯಾಗಿ ಹೋಗುತ್ತ ಒಳಗಿನ ನೀರನ್ನು ತಂಪು ಮಾಡುತ್ತದೆ. ಹಬ್ಬದ ದಿನ ನಮ್ಮ ಸಿಲಿಂಡರಿನಲ್ಲಿ ಆದದ್ದೂ ಇದೇ. ದ್ರವ ಬೇಗಬೇಗ ಆವಿಯಾದಂತೆ ಅದು ನಿಂತಿದ್ದ ಮಟ್ಟದವರೆಗೆ ಕಬ್ಬಿಣ ತಣ್ಣಗಾಯಿತು, ಅಡುಗೆಮನೆಯ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿತು. ಅಮ್ಮ ಕೈಯಿಟ್ಟು ಮುಟ್ಟಿದ್ದು ಗ್ಯಾಸಿನ ಹಡಗನ್ನು ದಡ ಸೇರಿಸುವ ನಿಯಮವನ್ನೇ.

ಹೀಗೆ ಎದ್ದ ಆವಿಯನ್ನು ತೊಟ್ಟಿಯಲ್ಲಿಯೇ ಕೂಡಿಹಾಕಿದರೆ ಒತ್ತಡ ಏರುತ್ತದೆ. ಆದ್ದರಿಂದ ಅದನ್ನು ಹೊರಗೆ ತೆಗೆದು ಹಡಗಿನ ಯಂತ್ರಕ್ಕೇ ಇಂಧನವಾಗಿ ಉಣಿಸುತ್ತಾರೆ. ಇಲ್ಲವೇ ಮತ್ತೆ ತಣಿಸಿ ತೊಟ್ಟಿಗೆ ಮರಳಿಸುತ್ತಾರೆ. ಸರಕನ್ನು ಇಳಿಸಿದ ಮೇಲೂ ತಳದಲ್ಲಿ ಸ್ವಲ್ಪ ದ್ರವವನ್ನು ಉಳಿಸಿಕೊಂಡೇ ಹಿಂದಿರುಗುತ್ತಾರೆ, ತೊಟ್ಟಿ ಬಿಸಿಯಾಗದಿರಲೆಂದು. ಮೊಸರೆಲ್ಲ ಬಡಿಸಿದರೂ ನಾಳೆಯ ಹೆಪ್ಪಿಗೆಂದು ಗೃಹಿಣಿ ಒಂದು ಚಮಚ ಉಳಿಸಿಕೊಳ್ಳುವುದಿಲ್ಲವೇ, ಹಾಗೆ. ತುಂಬುವಾಗಲೂ ಕಂಠದವರೆಗೆ ತುಂಬುವುದಿಲ್ಲ. ಹಡಗಿನ ತೊಟ್ಟಿಗೆ ಸಾಮಾನ್ಯವಾಗಿ ಶೇಕಡಾ 98 ಮಿತಿ. ನಮ್ಮ ಸಿಲಿಂಡರಿನಲ್ಲಿಯೂ ಮೇಲ್ಗಡೆ ಒಂದಿಷ್ಟು ಜಾಗ ಖಾಲಿ ಬಿಟ್ಟಿರುತ್ತಾರೆ. ದ್ರವ ಹಿಗ್ಗಲು ಎಡೆಯಿಲ್ಲದಿದ್ದರೆ ಯಾವ ಉಕ್ಕೂ ತಡೆಯದು. ಅನಿಲವನ್ನು ನಾವು ಬರಿಯ ಬಲದಿಂದ ಹಿಡಿದಿಲ್ಲ, ಅದಕ್ಕೆ ಸಲ್ಲಬೇಕಾದ್ದನ್ನು ಬಿಟ್ಟುಕೊಟ್ಟು ಹಿಡಿದಿದ್ದೇವೆ.

ಇನ್ನು ಹೆದರಿಕೆಯ ಪ್ರಶ್ನೆ. ತೊಟ್ಟಿಯೊಳಗಿನ ಅನಿಲ ತಾನಾಗಿ ಉರಿಯದು, ಉರಿಯಲು ಗಾಳಿ ಬೇಕು. ಮೀಥೇನಾದರೆ ಗಾಳಿಯಲ್ಲಿ ಸುಮಾರು ಶೇಕಡಾ 5ರಿಂದ 15ರವರೆಗೆ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಅದಕ್ಕಾಗಿಯೇ ಅನಿಲ ತುಂಬುವ ಮುನ್ನ ತೊಟ್ಟಿಯ ಗಾಳಿಯನ್ನೆಲ್ಲ ಉರಿಯಗೊಡದ ಬೇರೊಂದು ಅನಿಲದಿಂದ ಹೊರದೂಡುತ್ತಾರೆ. ಇಂಥ ಕ್ರಮಗಳನ್ನೆಲ್ಲ ಒಳಗೊಂಡ ಅಂತರರಾಷ್ಟ್ರೀಯ ಸಂಹಿತೆ 1986ರಿಂದ ಜಾರಿಯಲ್ಲಿದೆ. ಅಪಾಯ ಹೆಚ್ಚಾಗಿ ಕಾದಿರುವುದು ನಡುಗಡಲಿನಲ್ಲಲ್ಲ, ಸರಕು ಕೈಬದಲಾಗುವ ಕಡೆ ಮತ್ತು ಅಲ್ಲಿಂದ ಮುಂದೆ. ವಿಶಾಖಪಟ್ಟಣದಲ್ಲಿ 1997ರ ಸೆಪ್ಟೆಂಬರ್ 14ರಂದು ಹಡಗಿನಿಂದ ಅಡುಗೆ ಅನಿಲವನ್ನು ದಡದ ತೊಟ್ಟಿಗಳಿಗೆ ಇಳಿಸುತ್ತಿದ್ದಾಗ ಸೋರಿಕೆಯಾಗಿ ಹೊತ್ತಿಕೊಂಡು ಸುಮಾರು 60 ಜನ ಪ್ರಾಣ ಕಳೆದುಕೊಂಡರು. ಅಡುಗೆ ಅನಿಲದ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಚದುರದೆ ನೆಲ ಹಿಡಿದು ಹರಿಯುತ್ತದೆ, ತಗ್ಗು ಹುಡುಕುತ್ತದೆ. ನಮ್ಮ ಜಿಲ್ಲೆಯ ಪೆರ್ನೆಯಲ್ಲಿ 2013ರ ಏಪ್ರಿಲ್‌ನಲ್ಲಿ ಹೆದ್ದಾರಿಯ ಟ್ಯಾಂಕರೊಂದು ಮಗುಚಿಬಿದ್ದಾಗ ಬೆಂಕಿ ರಸ್ತೆಬದಿಯ ಮನೆಗಳನ್ನೂ ಬಿಡಲಿಲ್ಲ. ಸಾವಿರಾರು ಮೈಲಿ ಜೋಪಾನವಾಗಿ ಬಂದದ್ದು ಮನೆಯ ಬಾಗಿಲ ಹತ್ತಿರ ಹೀಗಾಯಿತು.

ಈ ನಡುವೆ ವ್ಯವಸ್ಥೆ ಬೆಳೆದಿಲ್ಲವೆಂದಲ್ಲ. 2004ರ ಆರಂಭದಲ್ಲಿ ಕತಾರಿನಿಂದ ಗುಜರಾತಿನ ದಹೇಜಿಗೆ 'ದಿಶಾ' ಎಂಬ ಹಡಗು ದ್ರವರೂಪದ ನೈಸರ್ಗಿಕ ಅನಿಲವನ್ನು ತಂದಿತು. ಸುಮಾರು 1,38,000 ಘನಮೀಟರ್ ಹಿಡಿಸುವ ಹಡಗು ಅದು. 2013ರಲ್ಲಿ ಕೊಚ್ಚಿಯಲ್ಲಿ ಇನ್ನೊಂದು ನಿಲ್ದಾಣವಾಯಿತು. ಅಲ್ಲಿಂದ ಮಂಗಳೂರಿಗೆ ಬರುವ ಸುಮಾರು 450 ಕಿಲೋಮೀಟರ್ ಉದ್ದದ ಕೊಳವೆಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಅಡುಗೆ ಅನಿಲವೂ ಈಗ ಮಂಗಳೂರಿನಿಂದ ಹಾಸನ, ಮೈಸೂರುಗಳ ಮೂಲಕ ಸೋಲೂರಿನವರೆಗೆ ಕೊಳವೆಯಲ್ಲಿ ಘಟ್ಟ ಹತ್ತುತ್ತದೆ. ಅಷ್ಟರಮಟ್ಟಿಗೆ ರಸ್ತೆಯ ಭಾರ ಇಳಿಯಿತು.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ನೆಲದಡಿಯ ಗುಹೆಗಳು. ವಿಶಾಖಪಟ್ಟಣದಲ್ಲಿ 2007ರಿಂದ 60,000 ಟನ್ ಅಡುಗೆ ಅನಿಲವನ್ನು ಬಂಡೆಯನ್ನು ಕೊರೆದು ಮಾಡಿದ ಗುಹೆಯಲ್ಲಿ ಇಡುತ್ತಿದ್ದಾರೆ. ಮಂಗಳೂರಿನಲ್ಲಿಯೂ ಅಂಥ ಗುಹೆಯನ್ನು ತೋಡಿದ್ದಾರೆ. ಆ ಗುಹೆಗೆ ಉಕ್ಕಿನ ಒಳಗೋಡೆ ಇಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ತುಂಬಿರುವ ನೀರಿನ ಒತ್ತಡ ಒಳಗಿನ ಅನಿಲದ ಒತ್ತಡಕ್ಕಿಂತ ಹೆಚ್ಚಾಗಿರುವಷ್ಟು ಆಳದಲ್ಲಿ ಅದು ಇರುತ್ತದೆ. ನೀರು ಒಳಗೆ ಜಿನುಗೀತೇ ಹೊರತು ಅನಿಲ ಹೊರಗೆ ನುಸುಳದು. ಜಿನುಗಿದ ನೀರನ್ನು ಪಂಪಿನಿಂದ ಎತ್ತಿಹಾಕುತ್ತಾರೆ. ಬೆಂಕಿಯ ಸರಕಿಗೆ ಅಲ್ಲಿ ನೀರೇ ಕಾವಲು.

ಅಮ್ಮ ಕೊನೆಯವರೆಗೂ ಒಂದು ಅಭ್ಯಾಸವನ್ನು ಬಿಡಲಿಲ್ಲ. ರಾತ್ರಿ ಮಲಗುವ ಮುನ್ನ ಕತ್ತಲಲ್ಲೇ ಅಡುಗೆಮನೆಗೆ ಹೋಗಿ, ದೀಪ ಹಾಕುವ ಮೊದಲು ಒಮ್ಮೆ ಮೂಸಿ ನೋಡಿ, ಬಾಗಿ ಸಿಲಿಂಡರಿನ ತಿರುಪು ಮುಚ್ಚಿರುವುದನ್ನು ಕೈಯಿಂದ ಮುಟ್ಟಿ ಖಚಿತಪಡಿಸಿಕೊಂಡು ಬರುತ್ತಿದ್ದಳು. ಅದನ್ನು ನಾನು ಹಳ್ಳಿಯ ಹೆಂಗಸಿನ ಭಯವೆಂದು ತಿಳಿದಿದ್ದೆ. ಹಡಗಿನ ಮೇಲೆಯೂ ಅನಿಲದ ವಾಸನೆ ಹಿಡಿಯುವ ಯಂತ್ರಗಳಿವೆ, ಅಪಾಯವೆಂದೊಡನೆ ತಾವಾಗಿಯೇ ಮುಚ್ಚಿಕೊಳ್ಳುವ ಕವಾಟಗಳಿವೆ. ಅಮ್ಮ ಮಾಡುತ್ತಿದ್ದುದೂ ಆ ಕೆಲಸವನ್ನೇ. ಈಗ ಆ ಹೊತ್ತಿಗೆ ಅಡುಗೆಮನೆಗೆ ಹೋಗುವವನು ನಾನು.