ಮೇಜಿನ ಮೇಲೆ ರೋಮನ್ ದಂಡು

ಚದುರಂಗದಲ್ಲಿ ಎರಡೂ ಕಡೆಯ ಪಡೆ ಸರಿಸಮ. ಪುಟ್ಟ ಲೋಹದ ಬೊಂಬೆಗಳಿಂದ ಮೇಜಿನ ಮೇಲೆ ಆಡುವ ಯುದ್ಧದಾಟದಲ್ಲಿ ಹಾಗಲ್ಲ. ಅಲ್ಲಿ ಪಡೆಯನ್ನು ಆಟಗಾರನೇ ಕಟ್ಟಬೇಕು. ಇತಿಹಾಸವೇ ಅದಕ್ಕೆ ಕಟ್ಟಳೆ.

ರೋಮನ್ ಸೈನ್ಯವನ್ನೇ ತೆಗೆದುಕೊಳ್ಳಿ. ಸಿನಿಮಾಗಳಲ್ಲಿ ಕಾಣುವ ಆಯತಾಕಾರದ ಗುರಾಣಿ ಚಕ್ರವರ್ತಿಗಳ ಕಾಲದ್ದು. ಹ್ಯಾನಿಬಾಲನನ್ನು ಎದುರಿಸಿದ ಯೋಧನಿಗೆ ಉದ್ದನೆಯ ಅಂಡಾಕಾರದ ಗುರಾಣಿಯನ್ನೇ ಕೊಡಬೇಕು. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ವಿವರಿಸುವ 'ಲೀಜನ್' ಎಂಬ ದಳದಲ್ಲಿ 4,200 ಕಾಲಾಳುಗಳು: ಮುಂದೆ ಈಟಿ ಎಸೆಯುವ 1,200 ಹಗುರ ಯೋಧರು, ಹಿಂದೆ ತಲಾ 1,200 ಕತ್ತಿಯಾಳುಗಳ ಎರಡು ಸಾಲು, ಕೊನೆಯಲ್ಲಿ ಭರ್ಜಿ ಹಿಡಿದ 600 ಅನುಭವಿಗಳು. ಕುದುರೆ ಸವಾರರು ಕೇವಲ 300. ಮೇಜಿನ ಮೇಲೆ ಒಂದು ಬೊಂಬೆ ಹಲವು ಯೋಧರ ಪ್ರತಿನಿಧಿ. ಪ್ರಮಾಣ ಮಾತ್ರ ಹೆಚ್ಚುಕಡಿಮೆ ಇದೇ.

1990ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ನಿಯಮಾವಳಿಯಲ್ಲಿ ಪ್ರತಿ ಸೈನ್ಯಕ್ಕೂ 12 ತುಕಡಿ. ಕಾದಾಟದ ಫಲವನ್ನು ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಸೋತ ತುಕಡಿ ಸಾಮಾನ್ಯವಾಗಿ ಹಿಂದೆ ಸರಿದು ಉಳಿಯುತ್ತದೆ. ಆದರೆ ಮಗ್ಗುಲಿನಿಂದ ಶತ್ರು ಅಮರಿಕೊಂಡಿದ್ದರೆ ಸರಿಯಲು ಎಡೆಯಿಲ್ಲ, ತುಕಡಿ ನಾಶವಾಗುತ್ತದೆ.

ಕ್ರಿ.ಪೂ. 216ರಲ್ಲಿ ಇಟಲಿಯ ಕ್ಯಾನೆಯಲ್ಲಿ ನಡೆದದ್ದೂ ಇದೇ. ರೋಮನ್ನರ ಕಾಲಾಳುಗಳೇ ಹೆಚ್ಚಿದ್ದರು. ಹ್ಯಾನಿಬಾಲನ ಅಶ್ವದಳ ದೊಡ್ಡದಿತ್ತು. ಅದು ರೋಮನ್ ಸವಾರರನ್ನು ಓಡಿಸಿ ಹಿಂದಿನಿಂದ ಎರಗಿತು. ನಡುವೆ ಸಿಕ್ಕಿದವರಿಗೆ ಕತ್ತಿ ಬೀಸಲೂ ಜಾಗವಿರಲಿಲ್ಲ. ಹನ್ನೆರಡು ತುಕಡಿಗಳ ಆಟವಾಡಿದವನಿಗೆ ಆ ಸೋಲು ಒಗಟಾಗಿ ಉಳಿಯುವುದಿಲ್ಲ.