ಇಂಟರ್ನೆಟ್ ಎಲ್ಲಿ ನಿಂತಿದೆ? ಒಂಬತ್ತನೇ ತರಗತಿಯ ಒಂದು ಪಾಠ

"ಮೈ ಹುಷಾರಿಲ್ಲ" ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. "ಇಂಟರ್ನೆಟ್ ಬರ್ತಿಲ್ಲ" ಎಂಬ ಮಾತೂ ಹಾಗೆಯೇ. ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಕೇಳಬೇಕು. ವಿಜಯನಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಇದನ್ನೇ ಒಂದು ಪೀರಿಯಡ್ ಪಾಠವಾಗಿ ಮಾಡಿದೆ. ಪ್ರತಿಧ್ವನಿ, ಸೋನಾರ್‌ಗಳ ಬಗ್ಗೆ ಮಕ್ಕಳಿಗೆ ಇದ್ದ ಪೂರ್ವಜ್ಞಾನ ಕೆಲಸಕ್ಕೆ ಬಂತು.

ಮೊದಲು ದಾರಿಯನ್ನು ಕಪ್ಪುಹಲಗೆಯ ಮೇಲೆ ಬರೆದೆ: ಕಂಪ್ಯೂಟರ್, ರೌಟರ್, ಫೈಬರ್ ಪೆಟ್ಟಿಗೆ, ಬೀದಿಯ ಕೇಬಲ್, ಕಂಪನಿಯ ಕೇಂದ್ರ, ಹೊರಗಿನ ಜಗತ್ತು. (ಎಷ್ಟೋ ಮನೆಗಳಲ್ಲಿ ರೌಟರ್, ಫೈಬರ್ ಪೆಟ್ಟಿಗೆ ಎರಡೂ ಒಂದೇ.) ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನಂತೆ ಇವು ಸರಣಿಯಲ್ಲಿವೆ, ಒಂದು ಕಡೆ ಕಡಿದರೆ ಎಲ್ಲ ಕತ್ತಲೆ. ಆದರೆ ಒಂದೊಂದೇ ಬಲ್ಬ್ ಬಿಚ್ಚುತ್ತ ಕೂರಬೇಕಿಲ್ಲ. ನಡುವೆ ಪರೀಕ್ಷಿಸಿದರೆ ಅರ್ಧ ದಾರಿಯ ಮೇಲಿನ ಅನುಮಾನ ಒಮ್ಮೆಗೇ ಹೋಗುತ್ತದೆ.

ಆ ಪರೀಕ್ಷೆಗೆ ಬೇಕಾದ ಉಪಕರಣ ಮನೆಯಲ್ಲೇ ಇದೆ. ಮೊಬೈಲ್ ಡೇಟಾ ಆಫ್ ಮಾಡಿ ಅದೇ ವೈ-ಫೈಗೆ ಸೇರಿಸಿ ನೋಡಬೇಕು. ಡೇಟಾ ಆಫ್ ಮಾಡುವುದನ್ನೇ ಮಕ್ಕಳು ಮರೆಯುತ್ತಾರೆ, ದೊಡ್ಡವರೂ. ಮೊಬೈಲಿಗೂ ಬಾರದಿದ್ದರೆ ಪೆಟ್ಟಿಗೆಯ ದೀಪ ನೋಡಿ. 'ಎಲ್‌ಒಎಸ್' ಕೆಂಪಾಗಿದ್ದರೆ ಬೆಳಕಿನ ಸಂಕೇತವೇ ಮನೆ ತಲುಪಿಲ್ಲ. ರಾಜಾಜಿನಗರ, ಬಸವೇಶ್ವರನಗರದ ಮರಗಳಿರುವ ರಸ್ತೆಗಳಲ್ಲಿ ಕೇಬಲ್ ಕೊಂಬೆಯ ಜೊತೆಗೇ ತೂಗುತ್ತಿರುತ್ತದೆ. ಮಳೆಗೆ ಕೊಂಬೆ ಬಿದ್ದಿದ್ದರೆ ಕಂಪ್ಯೂಟರ್ ಮುಂದೆ ಒದ್ದಾಡಿ ಫಲವಿಲ್ಲ, ದೂರು ಕೊಡಬೇಕು. ಕೇಬಲ್ಲಿನ ತುದಿ ಬಿಚ್ಚಿ ಕಣ್ಣಿಗೆ ಹಿಡಿಯಬಾರದು ಎಂದು ಮಕ್ಕಳಿಗೆ ಒತ್ತಿ ಹೇಳಿದೆ; ಅದರೊಳಗಿನ ಅವಕೆಂಪು ಲೇಸರ್ ಕಣ್ಣಿಗೆ ಕಾಣುವುದೇ ಇಲ್ಲ. ರೌಟರನ್ನು ಆಫ್ ಮಾಡಿ ಆನ್ ಮಾಡುವುದು ಹಲವು ಬಾರಿ ಫಲಿಸುತ್ತದೆ, ನಿಜ. ಆದರೆ ದೀಪ ನೋಡದೆ ಹಾಗೆ ಮಾಡಿದರೆ ಇದ್ದ ಸಾಕ್ಷ್ಯವೂ ಅಳಿಸಿಹೋಗುತ್ತದೆ.

ಮೊಬೈಲಿಗೆ ಬಂದು ಕಂಪ್ಯೂಟರಿಗೆ ಬಾರದಿದ್ದಾಗ 'ಪಿಂಗ್' ಬೇಕು. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ಈ ಪುಟ್ಟ ಪ್ರೋಗ್ರಾಮಿಗೆ ಸೋನಾರಿನ ಸದ್ದೇ ಹೆಸರಾಯಿತು. ಕೂಗಿ ಪ್ರತಿಧ್ವನಿಗೆ ಕಾಯುವುದೇ ಅದರ ಕೆಲಸ. ರೌಟರಿನ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅಲ್ಲಿಂದ ಉತ್ತರ ಬಂದರೆ ಮನೆಯೊಳಗಿನ ದಾರಿ ಸರಿ. 8.8.8.8ರಿಂದ ಬಂದರೆ ಹೊರಗಿನವರೆಗೂ ಸರಿ. ಅಂಕಿಗೆ ಉತ್ತರ ಬಂದು ಜಾಲತಾಣದ ಹೆಸರಿಗೆ ಬಾರದಿದ್ದರೆ, ಹೆಸರಿನಿಂದ ಅಂಕಿ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ತೊಂದರೆ. ಕಂಪ್ಯೂಟರಿನ ಸ್ವಂತ ವಿಳಾಸ 169.254 ಎಂದು ಶುರುವಾಗಿದ್ದರೆ, ರೌಟರಿನಿಂದ ವಿಳಾಸ ಸಿಗದೆ ಅದು ತಾನೇ ಒಂದನ್ನು ಇಟ್ಟುಕೊಂಡಿದೆ.

ಮರುದಿನ ಒಬ್ಬ ಹುಡುಗಿ, "ಮಿಸ್, ನಮ್ಮನೇಲಿ ಪಿಂಗ್ ಎಲ್ಲಾ ಸರಿಯಾಗಿದೆ, ಆದ್ರೂ ಸೈಟ್ ಓಪನ್ ಆಗ್ತಿಲ್ಲ" ಎಂದಳು. ಅವಳ ಅಕ್ಕನ ಸಿಇಟಿ ಆಪ್ಷನ್ ಎಂಟ್ರಿಗೆ ಎರಡೇ ದಿನ ಬಾಕಿ ಇತ್ತು. ಅಷ್ಟೊಂದು ಕಾಲೇಜುಗಳಿಗೆ ಮೊಬೈಲಿನಲ್ಲಿ ಆದ್ಯತೆ ಕೊಡುವುದು ಕಷ್ಟ. ವಿಂಡೋಸ್ ಹೊಸದಾಗಿ ಹಾಕಿಸಲು ಅವರಪ್ಪ ಸಿಪಿಯು ಅಂಗಡಿಗೆ ಒಯ್ಯುವುದರಲ್ಲಿದ್ದರು. ಅಂಗಡಿಯವರು ಕೇಳಿದ್ದೂ ಎರಡೇ ದಿನ.

ಉತ್ತರ ಹೇಳದೆ ತರಗತಿಯ ಮುಂದಿಟ್ಟೆ. ಪರದೆ ಮೇಲೆ ಏನು ಬರುತ್ತೆ? "ಏನೋ ಸೆಕ್ಯೂರಿಟಿ ಅಂತ ಬರುತ್ತೆ ಮಿಸ್." ಹಿಂದಿನ ಬೆಂಚಿನಿಂದ ಒಬ್ಬ, "ಡೇಟ್ ನೋಡಿದ್ಯೇನೇ?" ಎಂದ. ಅವಳು ನೋಡಿರಲಿಲ್ಲ. ಸಂಜೆ ನೋಡಿದಾಗ ಹಲವು ವರ್ಷ ಹಿಂದಿನ ಜನವರಿ 1 ಇತ್ತು. ಸುರಕ್ಷಿತ ಜಾಲತಾಣ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಹಳೆಯ ತಾರೀಖಿನಲ್ಲಿರುವ ಕಂಪ್ಯೂಟರಿಗೆ ಆ ಪತ್ರ ಇನ್ನೂ ಜಾರಿಗೇ ಬಂದಿಲ್ಲ, ಹಾಗಾಗಿ ಬಾಗಿಲು ತೆರೆಯದು. ಪಿಂಗ್ ಪ್ರಮಾಣಪತ್ರ ಕೇಳುವುದಿಲ್ಲವಾದ್ದರಿಂದ ಅದು ಸರಾಗವಾಗಿ ಹೋಗಿಬರುತ್ತದೆ. ಮದರ್‌ಬೋರ್ಡಿನ ಗಡಿಯಾರಕ್ಕೆ ಕರೆಂಟ್ ಇಲ್ಲದಾಗ ಆಸರೆ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆಯಂಥ ಸೆಲ್. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಮೊದಲಿನಿಂದ ಎಣಿಸುತ್ತದೆ.

ತಾರೀಖು ಸರಿಮಾಡಿ ಆ ರಾತ್ರಿಯೇ ಅಕ್ಕ ಆಪ್ಷನ್‌ಗಳನ್ನು ತುಂಬಿದಳು. ಅವರಪ್ಪ ಮಾರನೆಯ ದಿನ ಹೊಸ ಸೆಲ್ ಹಾಕಿದರು. ಹಳೆಯದನ್ನು ಹುಡುಗಿ ಶಾಲೆಗೆ ತಂದಳು. ಪ್ರಯೋಗಾಲಯದ ಮಲ್ಟಿಮೀಟರ್ 1.9 ತೋರಿಸಿತು.