ಡೇರಿ ಚೀಟಿ ಕೊಡುತ್ತದೆ, ಏಜೆನ್ಸಿ ಕೊಡುವುದಿಲ್ಲ

ಬೆಳಗ್ಗೆ ಆರೂವರೆಗೆ ಪಾಂಡವಪುರ ತಾಲ್ಲೂಕಿನ ಯಾವ ಹಳ್ಳಿಗಾದರೂ ಹೋಗಿ. ಡೇರಿ ಮುಂದೆ ಕ್ಯಾನು ಹಿಡಿದವರ ಸಾಲು ಇರುತ್ತದೆ. ಹಾಲು ಅಳೆದು, ಫ್ಯಾಟ್ ನೋಡಿ, ಒಂದು ಚೀಟಿ ಕೈಗಿಡುತ್ತಾರೆ: ಇಷ್ಟು ಲೀಟರು, ಇಷ್ಟು ಫ್ಯಾಟು, ಇಷ್ಟು ದುಡ್ಡು. ಒಂದು ರೂಪಾಯಿ ಹೆಚ್ಚುಕಮ್ಮಿಯಾದರೂ ಅಲ್ಲೇ ನಿಂತು ಕೇಳುವ ಹೆಂಗಸರು ನಮ್ಮೂರಿನವರು. ಕಬ್ಬಿನ ಲೋಡು ಕಾರ್ಖಾನೆಗೆ ಹೋದರೂ ಅಷ್ಟೆ, ತೂಕದ ಚೀಟಿ ಇಲ್ಲದೆ ರೈತ ವಾಪಸ್ ಬರುವುದಿಲ್ಲ.

ಅದೇ ಹೊತ್ತಿಗೆ ಅದೇ ಮನೆಯ ಮಗಳು ಟಿಫನ್ ಬಾಕ್ಸು ಬ್ಯಾಗಿಗೆ ಹಾಕಿಕೊಂಡು ಕಂಪನಿ ಬಸ್ಸಿಗೆ ಕಾಯುತ್ತಿರುತ್ತಾಳೆ. ಅವಳ ಸಂಬಳ ಎಷ್ಟು ಎಂದು ಕೇಳಿದರೆ ಕೈಗೆ ಬಂದದ್ದನ್ನು ಹೇಳುತ್ತಾಳೆ. ಗೊತ್ತು ಮಾಡಿದ್ದು ಎಷ್ಟು, ಮಿಕ್ಕಿದ್ದು ಎಲ್ಲಿ ಹೋಯಿತು ಎಂದರೆ ಉತ್ತರ ಒಂದೇ: ‘ಏಜೆನ್ಸಿಯೋರು ಹಿಡ್ಕೋತಾರೆ ಕಣಣ್ಣ.’ ಯಾವುದಕ್ಕೆ ಹಿಡಿದರು ಎಂದು ಹೇಳುವ ಚೀಟಿ ಅವಳ ಕೈಯಲ್ಲಿ ಇರುವುದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ನಾಲೆ ನೀರು ಹರಿಯುವ ಊರುಗಳೂ ಇವೆ, ಮಳೆ ನೋಡಿ ರಾಗಿ ಬಿತ್ತುವ ಊರುಗಳೂ ಇವೆ. ಎರಡೂ ಕಡೆಯ ಹುಡುಗ ಹುಡುಗಿಯರು ಈಗ ಮೈಸೂರು, ಬಿಡದಿ, ಬೆಂಗಳೂರಿನ ಕಾರ್ಖಾನೆಗಳಿಗೆ, ಇಲ್ಲೇ ತಾಲ್ಲೂಕು ಕೇಂದ್ರದ ಕಚೇರಿ, ಹಾಸ್ಟೆಲ್, ಆಸ್ಪತ್ರೆಗಳಿಗೆ ಏಜೆನ್ಸಿಗಳ ಮೂಲಕ ಹೊರಗುತ್ತಿಗೆ ಮೇಲೆ ಹೋಗುತ್ತಾರೆ. ಇದು ತೀರಾ ಹೊಸದೂ ಅಲ್ಲ. ಹಿಂದೆ ಹಳೇ ಮೈಸೂರಿನ ಬಯಲುಸೀಮೆಯಿಂದ ಕೊಡಗಿನ ಕಾಫಿ ತೋಟಗಳಿಗೆ ಆಳು ಕರೆದೊಯ್ಯುತ್ತಿದ್ದ ಮೇಸ್ತ್ರಿಯೂ ಮುಂಗಡ ಕೊಟ್ಟು, ಕಮಿಷನ್ ಮುರಿದುಕೊಂಡೇ ಬದುಕಿದವನು. ಈಗ ಅವನ ಜಾಗದಲ್ಲಿ ಬೋರ್ಡು, ಕಂಪ್ಯೂಟರು, ಜಿಎಸ್‌ಟಿ ನಂಬರು ಬಂದಿವೆ.

ಮುರಿದುಕೊಳ್ಳುವ ದಾರಿಗಳು ಹಲವು. ಸೇರುವಾಗ ‘ರಿಜಿಸ್ಟ್ರೇಷನ್’. ಆಮೇಲೆ ಯೂನಿಫಾರ್ಮು, ಐಡಿ ಕಾರ್ಡು. ಮೊದಲ ತಿಂಗಳ ಸಂಬಳ ‘ಹೋಲ್ಡ್’. ಕೆಲವು ಕಡೆ ಸಂಬಳ ಖಾತೆಗೆ ಪೂರ್ತಿ ಬೀಳುತ್ತದೆ, ಒಂದಷ್ಟನ್ನು ತೆಗೆದು ವಾಪಸ್ ಕೊಡಬೇಕು. ಎಲ್ಲಕ್ಕಿಂತ ದೊಡ್ಡ ಪಾಲು ಹೋಗುವುದು ಪಿಎಫ್, ಇಎಸ್‌ಐ ಹೆಸರಿನಲ್ಲಿ.

ಒಂದು ಲೆಕ್ಕ ಹಾಕೋಣ. ಸಂಬಳ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಕೆಲಸಗಾರರ ಪಾಲಿನ ಪಿಎಫ್ ಶೇ 12, ಅಂದರೆ 1,800. ಇಎಸ್‌ಐ ಶೇ 0.75, ಸುಮಾರು 113. ಕೈಗೆ 13,087 ಬರಬೇಕು. ಮಾಲೀಕರ ಪಾಲು ಬೇರೆ ಇದೆ: ಪಿಎಫ್‌ಗೆ ವಿಮೆ, ನಿರ್ವಹಣೆ ಸೇರಿ ಶೇ 13, ಇಎಸ್‌ಐಗೆ ಶೇ 3.25. ಎರಡೂ ಸೇರಿ 2,438 ರೂಪಾಯಿ. ಇದನ್ನು ಕೆಲಸಗಾರರ ಸಂಬಳದಿಂದ ಕಡಿಯುವಂತಿಲ್ಲ. ಕಡಿದರೆ ಕೈಗೆ ಉಳಿಯುವುದು 10,649. ‘ಪಿಎಫ್ ಕಟ್ಟಾಗಿದೆ’ ಎಂಬ ಎರಡೇ ಮಾತಿನಲ್ಲಿ ಒಂದು ಮನೆಯ ತಿಂಗಳ ರೇಷನ್ ಖರ್ಚು ಹೋಗಿರುತ್ತದೆ. 25,000ಕ್ಕಿಂತ ಕಡಿಮೆ ಸಂಬಳದವರಿಗೆ ಕರ್ನಾಟಕದಲ್ಲಿ ವೃತ್ತಿ ತೆರಿಗೆಯೂ ಇಲ್ಲ. ಆ ಹೆಸರಿನಲ್ಲಿ 200 ಹಿಡಿದಿದ್ದರೆ ಅದನ್ನೂ ಕೇಳಬೇಕು.

ಏಜೆನ್ಸಿಗೆ ದುಡಿದದ್ದಕ್ಕೆ ಕೂಲಿ ಬೇಡವೇ? ಬೇಕು. ಅದಕ್ಕೆಂದೇ ಆಳು ಪಡೆದ ಕಂಪನಿಯೋ ಇಲಾಖೆಯೋ ಸಂಬಳದ ಮೇಲೆ ಪ್ರತ್ಯೇಕವಾಗಿ ಸೇವಾ ಶುಲ್ಕ ಕೊಡುತ್ತದೆ. ತೊಂದರೆ ಶುರುವಾಗುವುದು ಟೆಂಡರಿನಲ್ಲಿ. ಕೆಲಸ ಹಿಡಿಯಲು ಶುಲ್ಕವನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಿದ ಏಜೆನ್ಸಿ ಅದನ್ನು ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕು. ಬಡವರ ಸಂಬಳ ಹತ್ತಿರದಲ್ಲೇ ಇರುತ್ತದೆ. ಸೊನ್ನೆ ಶುಲ್ಕದ ಟೆಂಡರಿಗೆ ಸಹಿ ಹಾಕುವ ಅಧಿಕಾರಿಗೆ ಈ ಲೆಕ್ಕ ಗೊತ್ತಿಲ್ಲ ಎಂದರೆ ನಂಬುವುದು ಕಷ್ಟ.

ಕೇಳುವುದು ಯಾರನ್ನು? 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಸಮೂಹದ ಗಾರ್ಮೆಂಟ್ಸ್ ಘಟಕ ಮುಚ್ಚಿದಾಗ 1,200ಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಹೆಂಗಸರು, ಕೆಲಸ ಕಳೆದುಕೊಂಡು ಹೋರಾಟಕ್ಕೆ ಕುಳಿತರು. ಕಡೆಗೆ ಕಂಪನಿ ಕಾರ್ಮಿಕ ಸಂಘದ ಜೊತೆ ಒಪ್ಪಂದಕ್ಕೆ ಬಂತು. ಅವರಿಗೆ ಯಾರ ಗೇಟಿನ ಮುಂದೆ ಕೂರಬೇಕೆಂದು ಗೊತ್ತಿತ್ತು. ಅದೇ ವರ್ಷ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜು ಪುಡಿಯಾಯಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಹೇಳಿದ ಸಂಬಳ ಬರಲಿಲ್ಲ, ಬಂದದ್ದು ಸರಿಯಾದ ಹೊತ್ತಿಗೆ ಬರಲಿಲ್ಲ ಎಂಬ ದೂರು ಕೇಳುವವರಿಲ್ಲದೆ ಬೆಳೆದಿತ್ತು. ಕಂಪನಿ ಏಜೆನ್ಸಿಯತ್ತ ಕೈ ತೋರಿಸುತ್ತದೆ, ಏಜೆನ್ಸಿ ಕಂಪನಿಯತ್ತ. ಒಡೆದದ್ದು ತಪ್ಪು ಎಂದಾಯಿತು, ಕೇಸುಗಳಾದವು. ಆಮೇಲೆ ತನಿಖೆಯಲ್ಲಿ ಸಂಬಳ, ಹಾಜರಾತಿಯ ಲೋಪಗಳು ಹೊರಬಿದ್ದು, ಆ್ಯಪಲ್ ಕಂಪನಿ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು.

ಕಾನೂನು ಮಾತ್ರ ಸ್ಪಷ್ಟವಾಗಿದೆ. 1936ರ ವೇತನ ಪಾವತಿ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಬಂದಿದೆ. ಯಾವುದಕ್ಕೆಲ್ಲ ಸಂಬಳದಲ್ಲಿ ಮುರಿಯಬಹುದು ಎಂಬ ಪಟ್ಟಿ ಅದರಲ್ಲಿದೆ. ಏಜೆನ್ಸಿಯ ಕಮಿಷನ್ ಆ ಪಟ್ಟಿಯಲ್ಲಿಲ್ಲ. ಕೆಲಸಗಾರರು ಮಾಲೀಕರಿಗೋ ಅವರ ಏಜೆಂಟರಿಗೋ ಕೊಟ್ಟ ಹಣವೂ ಕಡಿತವೆಂದೇ ಲೆಕ್ಕ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಆಗಬೇಕು, ಸಂಬಳದ ಚೀಟಿ ಕೊಡಲೇಬೇಕು. ಅನ್ಯಾಯವಾಗಿ ಹಿಡಿದದ್ದನ್ನು ಮೂರು ವರ್ಷದೊಳಗೆ ಕೇಳಬಹುದು. ಹಿಡಿದ ಹಣದ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ದೂರು ಕೇಳುವ ಪ್ರಾಧಿಕಾರಕ್ಕಿದೆ. ಕೆಲಸಗಾರರಿಂದ ಶುಲ್ಕ ವಸೂಲಿ ಕೂಡದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರಲ್ಲೇ 181ನೇ ಒಡಂಬಡಿಕೆಯಲ್ಲಿ ಹೇಳಿದೆ. ಭಾರತ ಅದನ್ನು ಅನುಮೋದಿಸಿಲ್ಲ.

ಮಧ್ಯದವರಿಲ್ಲದೆ ಸಂಬಳ ಕೊಡಲು ಆಗುವುದಿಲ್ಲ ಎನ್ನುವವರು ಬೆಂಗಳೂರಿನ ಪೌರಕಾರ್ಮಿಕರನ್ನು ನೋಡಬೇಕು. ಗುತ್ತಿಗೆದಾರರನ್ನು ಬಿಟ್ಟು 2018ರಿಂದ ಪಾಲಿಕೆಯೇ ನೇರ ಪಾವತಿ ಶುರುಮಾಡಿತು. ಬೀದರ್‌ನಲ್ಲಿ ಹೊರಗುತ್ತಿಗೆ ನೌಕರರಿಗೆಂದೇ ಜಿಲ್ಲಾಡಳಿತದ ಉಸ್ತುವಾರಿಯಲ್ಲಿ ಸಹಕಾರ ಸಂಘವಿದೆ; ಅದೇ ಮಾದರಿ ಎಲ್ಲ ಜಿಲ್ಲೆಗೂ ಬರಲಿ ಎಂಬುದು ನೌಕರರ ಬೇಡಿಕೆ. ಹಾಲನ್ನು ದಲ್ಲಾಳಿಯ ಕೈಯಿಂದ ಬಿಡಿಸಿ ಸಂಘದ ಮೂಲಕ ಮಾರಲು ಕಲಿತ ಮಂಡ್ಯ ಜಿಲ್ಲೆಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಅಲ್ಲಿಯವರೆಗೆ ಈ ತಿಂಗಳೇ ಮಾಡಬಹುದಾದದ್ದು ಇಷ್ಟಿದೆ. ಪಿಎಫ್‌ಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟು, ಹಿಡಿದ ದುಡ್ಡು ಖಾತೆಗೆ ಬಿದ್ದಿದೆಯೇ ನೋಡಿ. ಸಂಬಳದ ಚೀಟಿ ಕೇಳಿ, ಒಬ್ಬೊಬ್ಬರೇ ಕೇಳಬೇಡಿ, ಬಸ್ಸಿನಲ್ಲಿ ಬರುವವರೆಲ್ಲ ಸೇರಿ ಕೇಳಿ. ಕೊಡದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಕಾನೂನು ಸೇವೆಯ ಸಹಾಯವಾಣಿ 15100.